ಗುಫೂಲಿನ ಐದು ಮನೆಗಳು

ಕೊಲ್ಲಿಯ ಅರಬ್ ನಗರದ ಗುಫೂಲ್ ಬಡಾವಣೆಯಲ್ಲಿ ನಾನಿದ್ದ ಫ್ಲ್ಯಾಟಿನ ಹಿಂದಿನ ಗಲ್ಲಿಯಲ್ಲಿ ಐದು ಹಳೆಯ ಮನೆಗಳು ಸಾಲಾಗಿ ನಿಂತಿದ್ದವು. ಸಮುದ್ರದ ಹವಳದ ಕಲ್ಲಿನ ಗೋಡೆ, ಹಾಯಿಹಡಗಿನಲ್ಲಿ ಬಂದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಮರದ ತೊಲೆಗಳು, ನಡುವೆ ಅಂಗಳ. ಆ ಜಾಗವೆಲ್ಲ ಖರ್ಜೂರದ ತೋಟವಾಗಿದ್ದಾಗ ಪೇಟೆಯ ವ್ಯಾಪಾರಿಗಳು ಬೇಸಿಗೆಗೆಂದು ಕಟ್ಟಿಸಿದ್ದಂತೆ. ಅವು ಉಳಿಯುವ ಸ್ಥಿತಿಯಲ್ಲಿವೆಯೇ ಎಂದು ನೋಡಿ ವರದಿ ಕೊಡುವ ಕೆಲಸ ನಮ್ಮ ಕಂಪನಿಗೆ ಬಂತು. ಸಿವಿಲ್ ಎಂಜಿನಿಯರಾದ ನನ್ನ ತಲೆಗೆ ಕಟ್ಟಿದರು.

ಮರ ಪರೀಕ್ಷಿಸಲು ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಿಂದ ಕಾರ್ಕಳ ಕಡೆಯ ಬಡಗಿಯೊಬ್ಬರನ್ನು ಕರೆತಂದೆ. ಅರವತ್ತು ದಾಟಿದವರು, ಎಲ್ಲರ ಬಾಯಲ್ಲೂ ಆಚಾರ್ರು. ಎರಡು ತಿಂಗಳು ಇಬ್ಬರೂ ಗಾರೆ ಕೆರೆದು, ಅಳೆದು, ಬರೆದುಕೊಂಡೆವು. ಅವರು ಪ್ರತಿ ತೊಲೆಗೂ ಉಳಿ ಚುಚ್ಚಿ ನೋಡಿದರು.

"ಗೆದ್ದಲು ಹಿಡಿದದ್ದು ಕೊನೆಯ ಮನೆಗೆ ಮಾತ್ರ ಸರ್. ಉಳಿದದ್ದೆಲ್ಲ ಗಟ್ಟಿ ಉಂಟು."

ನಡುವಿನ ಮನೆಯಲ್ಲಿ ಮಾತ್ರ ಒಬ್ಬ ಮುದುಕಿ ಇದ್ದರು. ಎಂಜಿನಿಯರ್ ಎಂಬುದಕ್ಕೆ ಅರಬ್ಬಿಯಲ್ಲಿ ಹೇಳುವಂತೆ ನನ್ನನ್ನು ಮುಹಂದಿಸ್ ಎಂದು ಕರೆಯುತ್ತಿದ್ದರು. ಒಂದು ದಿನ ಗೋಡೆಯ ಕಂಡಿಯೊಂದರ ಕೆಳಗೆ ಕೂರಿಸಿದರು. ಆಗಸ್ಟಿನ ಮಧ್ಯಾಹ್ನ, ಎಸಿ ಇಲ್ಲ, ಆದರೂ ಕತ್ತಿನ ಮೇಲೆ ಗಾಳಿ ಆಡಿತು.

"ಮುಹಂದಿಸ್, ಮನೆ ನಿಲ್ಲುತ್ತದಾ?" ಎಂದು ಹರಕು ಹಿಂದಿಯಲ್ಲಿ ಕೇಳಿದರು.

"ನಿಲ್ಲುತ್ತದೆ ಅಮ್ಮ," ಎಂದೆ.

ನಾಲ್ಕು ಮನೆಗಳು ದುರಸ್ತಿಗೆ ಯೋಗ್ಯ ಎಂದು ಬರೆದೆ. ಮ್ಯಾನೇಜರ್ ಓದಿ ಬಾಗಿಲು ಹಾಕಿಸಿದರು. ಮನೆಗಳ ವಾರಸುದಾರರಿಗೆ ಖಾಲಿ ಜಾಗ ಬೇಕಿತ್ತು.

"ಐದೂ ಅಪಾಯಕಾರಿ ಅಂತ ಮಾಡಿ."

"ಸರ್, ಅದು ನಿಜವಲ್ಲ."

"ನಿಮ್ಮ ವೀಸಾ ರಿನ್ಯೂವಲ್ ಯಾವಾಗ?"

ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು. ವಾಕ್ಯ ತಿದ್ದಿದೆ, ಸಹಿ ಹಾಕಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಕೆಡವುವ ದಿನ ಹೋಗಿ ನಿಂತೆ. ಸುದ್ದಿ ತಿಳಿದು ಆಚಾರ್ರೂ ಬಂದಿದ್ದರು. ಗೋಡೆ ಪುಡಿಯಾದರೂ ತೊಲೆಗಳು ಮುರಿಯಲಿಲ್ಲ, ಇಡಿಯಾಗಿಯೇ ಉರುಳಿದವು.

"ಬೀಳಿಸ್ಲಿಕ್ಕೆ ಬರೆದುಕೊಟ್ಟದ್ದು ಯಾರು ಸರ್?"

"ನಾನೇ ಆಚಾರ್ರೇ."

ಆಚಾರ್ರು ಉರುಳಿದ ತೊಲೆಗಳತ್ತ ಕೈ ತೋರಿಸಿದರು. "ಹಾಗಾದ್ರೆ ಎರಡು ತಿಂಗಳು ನನ್ನನ್ನು ಯಾಕೆ ಕರ್ಕೊಂಡು ಬಂದದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಕೆಲವು ತಿಂಗಳ ಬಳಿಕ ಉಮ್ ಅಲ್ ಹಸ್ಸಮ್ ಬಡಾವಣೆಯ ಅಂಗಡಿಯೊಂದರಲ್ಲಿ ಆ ಮುದುಕಿ ಸಿಕ್ಕರು. ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ಅಣ್ಣನ ಮಗನ ಜೊತೆ ಇದ್ದರು. ಕಿಟಕಿ ತೆರೆಯುವಂತಿಲ್ಲವಂತೆ. ನನ್ನ ಕೈ ಹಿಡಿದುಕೊಂಡರು.

"ಅಣ್ಣನ ಮಗ ಎಲ್ಲ ಹೇಳಿದ. ನಾನು ಹೆದರಬಾರದು ಅಂತ ಆವತ್ತು ನೀನು ಸುಳ್ಳು ಹೇಳಿದ್ದೆಯಂತೆ. ಮನೆ ತಲೆಯ ಮೇಲೆ ಬೀಳ್ತಿತ್ತಂತೆ. ನನ್ನ ಜೀವ ಉಳಿಸಿದೆ ಮಗನೇ."

ಅಲ್ಲ ಅನ್ನಬೇಕಿತ್ತು. ಹೌದೆಂದು ತಲೆಯಾಡಿಸಿದೆ. ಅವರ ಕೈಯಿಂದ ಹಾಲಿನ ಡಬ್ಬ ತೆಗೆದುಕೊಂಡು ಲಿಫ್ಟಿನವರೆಗೆ ಹೊತ್ತುಕೊಂಡು ಹೋದೆ.