ಬಾಗಿಲು ಹಾಕಿ ಉಣ್ಣಿಸಿದ ದಿನಗಳು

ಮಗಳಿಗೆ ಎಂಟು ತಿಂಗಳಾಗಿದ್ದಾಗ ಅವಳ ಬಾಯಿ ತೆರೆಸುವುದೊಂದೇ ನನ್ನ ಬದುಕಿನ ಕೆಲಸವಾಗಿತ್ತು. ಎದೆಹಾಲು ಬಿಟ್ಟರೆ ಬೇರೆ ಒಂದು ಹನಿಯನ್ನೂ ಅವಳು ಒಳಗೆ ಬಿಡುತ್ತಿರಲಿಲ್ಲ. ರಾಗಿಗೆ ಬೆಲ್ಲ ಹಾಕಿ ಮೆತ್ತಗೆ ಕಾಯಿಸಿದ ಮಣ್ಣಿ ಬೇಡ, ನೇಂದ್ರ ಬಾಳೆಕಾಯಿ ಪುಡಿಯ ಮಣ್ಣಿ ಬೇಡ, ಕುಚ್ಚಲಕ್ಕಿ ಗಂಜಿಯ ತಿಳಿ ಬೇಡ. ನನ್ನದೇ ಹಾಲನ್ನು ಹಿಂಡಿ ಚಮಚದಲ್ಲಿ ಕೊಟ್ಟರೂ, ಕಷಾಯ ಕೊಟ್ಟವರನ್ನು ನೋಡುವ ಹಾಗೆ ನನ್ನನ್ನು ನೋಡಿ ಉಗುಳುತ್ತಿದ್ದಳು. ಮಗು ಚೆಂದ, ತುಟಿ ಚೆಂದ, ಆದರೆ ಆ ತುಟಿಗಳನ್ನು ಬಿಗಿಹಿಡಿಯುವ ಶಕ್ತಿ ಮಾತ್ರ ಯಾವ ಪೈಲ್ವಾನನಿಗೂ ಇರಲಿಕ್ಕಿಲ್ಲ.

ನಾನು ಬೆಳ್ತಂಗಡಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮೇ ತಿಂಗಳ ಮೊದಲಲ್ಲೇ ಹೆಡ್‌ಮಾಸ್ಟರರ ಫೋನ್ ಬಂತು. "ಶಾಲೆ ಶುರುವಾಗುವ ದಿನ ಬರ್ತೀರಿ ಅಂತಾದರೆ ಈಗಲೇ ಹೇಳಿ ಟೀಚರ್. ಇಲ್ಲದಿದ್ದರೆ ನಾವು ಬೇರೆಯವರನ್ನು ನೋಡಬೇಕಾಗ್ತದೆ" ಎಂದರು. ನಾನು ಒಂದೇ ಉಸಿರಿಗೆ "ಬರ್ತೇನೆ ಸಾರ್" ಎಂದುಬಿಟ್ಟೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಗೆ ಮರಳುವುದು ಸಂಜೆಗೆ. ಅಷ್ಟು ಹೊತ್ತು ಈ ಮಗು ಏನು ತಿಂದು ಬದುಕುತ್ತದೆ? ಕೆಲಸ ಬಿಡುವ ಮನಸ್ಸೂ ಇರಲಿಲ್ಲ. ಆ ಕರಿಹಲಗೆಯ ಮುಂದೆ ನಿಂತಾಗ ಮಾತ್ರ ನಾನು ನಾನಾಗಿರುತ್ತಿದ್ದೆ.

ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗಿರುವ ಮನೆಯಲ್ಲಿ ಇದ್ದದ್ದು ಅತ್ತೆ, ನಾನು ಮತ್ತು ಮಗಳು. ಗಂಡ ದುಬೈಯಲ್ಲಿ. ಮೊದಲೆಲ್ಲ ಕ್ರಿಕೆಟ್ ಬಿಟ್ಟರೆ ಬೇರೇನನ್ನೂ ನೋಡದ ಮನುಷ್ಯ ಈಗ ಕೂಸಿನ ಊಟದ ವಿಡಿಯೋಗಳನ್ನು ನೋಡಿ ನೋಡಿ ನನಗೆ ಕಳಿಸುತ್ತಿದ್ದರು. ಯಾವುದೋ ದೇಶದ ಮಗು ಬೇಯಿಸಿದ ಹೂಕೋಸನ್ನು ಕಚಕಚ ಜಗಿಯುವ ವಿಡಿಯೋ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕರೆ ಮಾಡಿದರೆ ಅವರ ಮೊದಲ ಮಾತು "ತಿಂದಳಾ?" ಎಂದೇ. ಅವರ ಜೊತೆಗೆ ಬೇರೆ ಯಾವ ಮಾತನ್ನು ಆಡುತ್ತಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು.

ಇದಕ್ಕೆಲ್ಲ ಕಾರಣ ದೃಷ್ಟಿ ಎಂದು ಅತ್ತೆ ತೀರ್ಮಾನಿಸಿದ್ದರು. ಮೊದಲ ಬಾರಿ ಅನ್ನ ಉಣ್ಣಿಸಿದ ದಿನ ನೆಂಟರೆಲ್ಲ ಸುತ್ತ ಕೂತಿದ್ದರು, ಮಗಳು ಪಾಯಸವನ್ನು ಚಪ್ಪರಿಸಿ ನೆಕ್ಕಿದ್ದಳು. ನಾರಾವಿಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬರು "ಎಷ್ಟು ಚೆಂದ ತಿಂತದೆ ಮಾರಾಯ್ರೆ!" ಎಂದು ಬಾಯಿಬಿಟ್ಟು ಹೇಳಿದ್ದರು. ಮರುದಿನದಿಂದ ಬಾಯಿ ಬಂದ್. "ಬಾಲೆಗೆ ಕಣ್ಣು ತಾಗಿದೆ. ಇನ್ನು ಒಂದು ನರಪಿಳ್ಳೆಯ ಎದುರಿಗೂ ಉಣ್ಣಿಸುವುದು ಬೇಡ" ಎಂದರು ಅತ್ತೆ. ನಾನು ವಿಜ್ಞಾನ ಕಲಿಸುವವಳು. ಆದರೆ ಮಗು ತಿನ್ನದಿದ್ದಾಗ ವಿಜ್ಞಾನ ಎಲ್ಲಿಗೆ ಓಡಿಹೋಗುತ್ತದೋ ಗೊತ್ತಿಲ್ಲ. ನಾನೂ ಹೂಂ ಎಂದೆ.

ಅಂದಿನಿಂದ ಕೋಣೆಯ ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು ಉಣ್ಣಿಸುವ ಕ್ರಮ ಶುರುವಾಯಿತು. ಮಣ್ಣಿಯ ಬಟ್ಟಲು ಅಡುಗೆಮನೆಯಿಂದ ಕೋಣೆಗೆ ಅತ್ತೆಯ ಸೆರಗಿನೊಳಗೆ ಕಳ್ಳಸಾಗಣೆಯ ಮಾಲಿನಂತೆ ಬರುತ್ತಿತ್ತು. ಪಕ್ಕದ ಮನೆಯವರ ದನಿ ಕೇಳಿದರೆ ಬಟ್ಟಲು ಮಂಚದ ಅಡಿಗೆ. ಮುಸುಕು ಬೆಳಕಿನಲ್ಲಿ ನಾನೊಬ್ಬಳು, ಅವಳೊಬ್ಬಳು, ನಡುವೆ ಒಂದು ಚಮಚ. ನಾನು ಹಾಡುತ್ತಿದ್ದೆ, ಕಾಗೆಯಂತೆ ಕೂಗುತ್ತಿದ್ದೆ, ಕೊನೆಗೆ ಕೈಮುಗಿಯುತ್ತಿದ್ದೆ. ಅವಳು ಆ ಚಮಚವನ್ನೇ ದುರುಗುಟ್ಟಿ ನೋಡಿ ಮುಖ ತಿರುಗಿಸುತ್ತಿದ್ದಳು. ಮೀನಿಲ್ಲದೆ ಅನ್ನ ಇಳಿಯದ ಅತ್ತೆ, ಬಾಲೆ ಉಣ್ಣುವವರೆಗೆ ಮೀನು ಮುಟ್ಟುವುದಿಲ್ಲವೆಂದು ಹರಕೆ ಹೊತ್ತು, ಬರೀ ಉಪ್ಪಿನಕಾಯಿಯಲ್ಲಿ ಗಂಜಿ ಕುಡಿಯುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ.

ನನ್ನ ಊಟವೋ, ಅದೂ ಆ ಕೋಣೆಯಲ್ಲೇ. ಮಗಳು ಉಗುಳಿದ್ದು, ಬಿಟ್ಟದ್ದು, ಆರಿ ಗಟ್ಟಿಯಾದದ್ದು ಎಲ್ಲ ನನ್ನ ಹೊಟ್ಟೆಗೆ. ಅವಳು ನಿದ್ದೆ ಹೋದ ಮೇಲೆ ನಿಂತಲ್ಲೇ ಬಟ್ಟಲು ಬಳಿದು ನುಂಗುತ್ತಿದ್ದೆ. ತವರಿಗೆ ಹೋಗುವಾಗ ಕಲ್ಲಡ್ಕದಲ್ಲಿ ಇಳಿದು ಒಂದು ಖಡಕ್ ಚಾ ಕುಡಿಯದೆ ಮುಂದಿನ ಬಸ್ಸು ಹತ್ತಿದವಳಲ್ಲ ನಾನು. ಒಣಮೀನಿನ ಚಟ್ನಿ ಇದ್ದರೆ ಎರಡು ಬಟ್ಟಲು ಅನ್ನ ಬೇಕಿದ್ದವಳು. ಈಗ ಬೆಲ್ಲದ ಮಣ್ಣಿಯ ಸಪ್ಪೆ ಸಿಹಿ ಬಿಟ್ಟು ಬೇರೆ ರುಚಿಯೇ ನಾಲಿಗೆಗೆ ನೆನಪಿರಲಿಲ್ಲ. ಕಪಾಟಿನ ಹತ್ತಿ ಸೀರೆಗಳನ್ನು ಕಂಡರೆ ಯಾರದ್ದೋ ಅನಿಸುತ್ತಿತ್ತು. ದಿನವಿಡೀ ರಾಗಿ ಕಲೆಯ ನೈಟಿ.

ಬಂಟ್ವಾಳದ ಡಾಕ್ಟರರಲ್ಲಿಗೆ ಹೋದೆವು. ತೂಕ ಹೋದ ಸಲದಷ್ಟೇ ಇತ್ತು. "ರೋಗ ಏನೂ ಇಲ್ಲಮ್ಮ, ಹಸಿವಾದಾಗ ತಾನಾಗಿಯೇ ತಿನ್ನುತ್ತದೆ" ಎಂದರು. ಆ ಮಾತು ಕೇಳಿ ನನಗೆ ಅವರ ಕೈಯನ್ನು ಕಚ್ಚಬೇಕು ಅನಿಸಿತು. ಹಸಿವಾಗುವುದು ಯಾವಾಗ, ಶಾಲೆ ಶುರುವಾಗುವ ಮೊದಲೋ ಆಮೇಲೋ? ಮನೆಗೆ ಬಂದು ಬಾಗಿಲು ಹಾಕಿ ಮತ್ತೆ ಚಮಚ ಹಿಡಿದೆ. ಅವಳು ಕೈ ಬೀಸಿದಳು, ಮಣ್ಣಿ ನನ್ನ ಕಣ್ಣಿಗೆ ಹಾರಿತು. ಬಟ್ಟಲನ್ನು ಎತ್ತಿ ಗೋಡೆಗೆ ಎಸೆದೆ. ಮಗು ಬೆಚ್ಚಿ ಅತ್ತಿತು, ನಾನೂ ಅತ್ತುಬಿಟ್ಟೆ. ಎಲ್ಲವನ್ನೂ ಅಲ್ಲೇ ಬಿಟ್ಟು ಸಿಕ್ಕಿದ ಬಸ್ಸು ಹತ್ತಿ ಹೋಗಿಬಿಡಬೇಕು ಎಂದು ಆಗ ನಿಜವಾಗಿಯೂ ಅನಿಸಿತ್ತು. ಹೊರಗಿನಿಂದ ಅತ್ತೆ "ಎಂತ ಆಯ್ತು?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಮಣ್ಣಿಯನ್ನು ನೈಟಿಯ ಅಂಚಿನಿಂದ ಒರೆಸತೊಡಗಿದೆ.

ಶಾಲೆಗೆ ಇನ್ನೇನು ನಾಲ್ಕಾರು ದಿನ ಇರುವಾಗ ಮೂಡುಬಿದಿರೆಯಲ್ಲಿ ಒಂದು ಮದುವೆ. ಅತ್ತೆಗೆ ಹಳೆಯ ಪರಿಚಯದ ಜೈನ ಮನೆತನದ್ದು, ಹೋಗದಿರಲಾಗದು. ಹಾಲು ಕುಡಿಯುವ ಮಗುವನ್ನು ಬಿಟ್ಟು ನಾನಾಗಲಿ, ನನ್ನನ್ನು ಬಿಟ್ಟು ಮಗುವಾಗಲಿ ಇರುವಂತಿರಲಿಲ್ಲ. ಮೂವರೂ ಹೊರಟೆವು. ಹಾಲ್‌ನಲ್ಲಿ ಮಗುವಿಗೆ ಮಣ್ಣಿ ಕೊಡಲು ಒಂದು ಮುಚ್ಚಿದ ಕೋಣೆ ಹುಡುಕಿ ಹುಡುಕಿ ಸಾಕಾಯಿತು. ಒಂದರಲ್ಲಿ ಮದುಮಗಳ ಅಲಂಕಾರ, ಇನ್ನೊಂದಕ್ಕೆ ಬೀಗ. "ಮೊದಲು ಊಟ ಮುಗಿಸುವ. ಮತ್ತೆ ನೋಡುವ" ಎಂದರು ಅತ್ತೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಂಕ್ತಿಯಲ್ಲಿ ಕೂತೆ.

ಎಲೆಗೆ ತೊಂಡೆಕಾಯಿ ಗೇರುಬೀಜದ ಪಲ್ಯ ಬಂತು, ಅನ್ನ ಬಂತು, ಸಾರು ಬಂತು, ಕಾಟುಮಾವಿನ ಹಣ್ಣಿನ ಗೊಜ್ಜು ಬಂತು. ಆ ಗೊಜ್ಜಿನ ಪರಿಮಳಕ್ಕೆ ನನಗೆ ಎಷ್ಟು ಹಸಿವಾಯಿತೆಂದರೆ ಮಗುವಿನ ನೆನಪೂ ಹೋಯಿತು. ಹುಳಿ, ಸಿಹಿ, ಮೆಣಸಿನ ಖಾರ ಎಲ್ಲ ಒಟ್ಟಿಗೆ ನಾಲಿಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಗಬಗಬನೆ ತಿಂದೆ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ನೋಡಿದರೆ ಮಗಳು ತಲೆ ಎತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ. ನಾನು ಜಗಿದರೆ ಅವಳ ತುಟಿಯೂ ಅಲುಗುತ್ತಿದೆ. ಪಕ್ಕದವರ ಬಾಯಿ, ಎದುರಿನವರ ಬಾಯಿ, ಮತ್ತೆ ನನ್ನ ಬಾಯಿ. ಆಮೇಲೆ ಕೈ ಚಾಚಿ ನನ್ನ ಎಲೆಯ ಗೊಜ್ಜಿನ ಅನ್ನವನ್ನು ಹಿಡಿ ತುಂಬ ಬಾಚಿ, ಅರ್ಧ ಬಾಯಿಗೆ, ಅರ್ಧ ಕೆನ್ನೆಗೆ ಮೆತ್ತಿಕೊಂಡಳು. ಮುಖ ಕಿವುಚಿದಳು. ನುಂಗಿದಳು. ಮತ್ತೆ ಬಾಯಿ ತೆರೆದಳು.

"ಅಯ್ಯೋ, ಖಾರ! ಎಲ್ಲರೂ ನೋಡ್ತಿದ್ದಾರೆ!" ಎಂದು ಅತ್ತೆ ಸೆರಗು ಬಿಡಿಸಿ ಮಗುವಿಗೆ ಅಡ್ಡ ಹಿಡಿಯಲು ಬಂದರು. ನಾನು ಅವರ ಕೈ ಹಿಡಿದೆ. "ನೋಡ್ಲಿ ಮಾಮಿ. ಊರಿಡೀ ನೋಡ್ಲಿ. ಬಿಡಿ ನೀವು!" ಎಂದು ಕಿರುಚಿದೆ. ಇಡೀ ಪಂಕ್ತಿ ನಮ್ಮ ಕಡೆ ತಿರುಗಿತು. ನಾನು ಅನ್ನಕ್ಕೆ ಸಾರು ಹಾಕಿ ನುಣ್ಣಗೆ ಹಿಸುಕಿ ಒಂದು ತುತ್ತು ನನಗೆ, ಒಂದು ಅವಳಿಗೆ ಎಂದು ಉಣ್ಣಿಸಿದೆ. ಉಣ್ಣುವುದೆಂದರೆ ಏನೆಂದು ಆ ಮಗುವಿಗೆ ನಾವು ತೋರಿಸಿಯೇ ಇರಲಿಲ್ಲ. ಮೊದಲ ದಿನ ಅವಳು ಪಾಯಸ ನೆಕ್ಕಿದ್ದೇ ಜನರ ನಡುವೆ ಎಂಬುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸಂಜೆ ಅತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮರುದಿನ ಮೀನನ್ನೂ ತರಿಸಿದರು.

ಶಾಲೆಯ ಮೊದಲ ದಿನ ಹತ್ತಿ ಸೀರೆ ಉಟ್ಟು ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆಯ ವಿಡಿಯೋ ಕಾಲ್ ಬಂತು. ಚಾವಡಿಯಲ್ಲಿ ಅತ್ತೆಯ ಮಡಿಲಲ್ಲಿ ಕೂತು ಮಗಳು ಉಣ್ಣುತ್ತಿದ್ದಳು. ಕಣ್ಣು ಅತ್ತೆಯ ಬಾಯಿಯ ಮೇಲೆಯೇ. "ಇಕ್ಕೊ ಅಮ್ಮ, ಅಮ್ಮನನ್ನು ನೋಡು" ಎಂದು ಅತ್ತೆ ಫೋನನ್ನು ಹತ್ತಿರ ಹಿಡಿದರು. ಬಟ್ಟಲು ಕಾಣುವುದಿಲ್ಲವೆಂದು ಅವಳು ನನ್ನನ್ನು ಕೈಯಿಂದ ಆಚೆ ತಳ್ಳಿದಳು.

"ಒಮ್ಮೆಯೂ ಅಳಲಿಲ್ವಾ ಮಾಮಿ?" ಎಂದು ಕೇಳಿದೆ.

"ಇಲ್ಲ ಮಾರಾಯ್ತಿ. ನಿನ್ನ ನೆನಪೇ ಇಲ್ಲ ಅವಳಿಗೆ" ಎಂದು ಅತ್ತೆ ಖುಷಿಯಿಂದ ನಕ್ಕರು.

ಒಳ್ಳೆಯದಾಯಿತು ಎಂದು ಹೇಳಿ ಫೋನ್ ಇಟ್ಟೆ. ಹಾಲು ತುಂಬಿ ಎದೆ ಕಲ್ಲಾಗಿತ್ತು, ರವಿಕೆಯ ಮುಂಭಾಗ ಒದ್ದೆಯಾಗತೊಡಗಿತ್ತು. ಟೀಚರುಗಳ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ, ಅವಳ ಪಾಲಿನ ಹಾಲನ್ನು ಸಿಂಕಿಗೆ ಹಿಂಡಿ ನೀರು ಬಿಟ್ಟೆ.