ನಾನು ಬರೆದ ನಾಲ್ಕು ಗಂಟೆ

ಕಾನೂನು ಪದವಿಯ ಎರಡನೇ ವರ್ಷ ಮುಗಿದ ರಜೆಯಲ್ಲಿ ನಾನು ರಾಜಾಜಿನಗರದ ಒಂದು ಸಂಸ್ಥೆಗೆ ಒಂದು ತಿಂಗಳ ಇಂಟರ್ನ್ ಆಗಿ ಸೇರಿದೆ. ಠಾಣೆಯಲ್ಲಿ ಏಟು ತಿಂದವರು, ಮನೆ ಕೆಡವಿಸಿಕೊಂಡವರು, ದೂರು ಕೊಡಲು ಹೋಗಿ ಬೈಸಿಕೊಂಡು ಬಂದವರು, ಇಂಥವರ ಕೇಸನ್ನು ಫೀಸಿಲ್ಲದೆ ನಡೆಸುವ ವಕೀಲರ ಕಚೇರಿ ಅದು. ಕೆಳಗೆ ಬೇಕರಿ, ಮೇಲೆ ಮಾನವ ಹಕ್ಕು. ಮಧ್ಯಾಹ್ನ ಮೂರಕ್ಕೆ ಬನ್ನು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಯಾರ ಕಷ್ಟ ಕೇಳುತ್ತಾ ಕೂತಿದ್ದರೂ ಹೊಟ್ಟೆ ಗುರ್ ಎನ್ನುತ್ತಿತ್ತು. ಮೊದಮೊದಲು ಅದಕ್ಕೆ ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಆ ಬ್ಯಾಚಿನಲ್ಲಿ ನಾವು ಆರು ಜನ. ಉಳಿದ ಐವರು ದೊಡ್ಡ ಕಾಲೇಜುಗಳಿಂದ ಬಂದವರು, ಇಂಗ್ಲಿಷಿನಲ್ಲೇ ನಗುವವರು. ನಾನು ತಿಪಟೂರಿನ ಕಡೆಯವಳು. ಅವರೇನೂ ಕೆಟ್ಟವರಲ್ಲ, ಊಟಕ್ಕೆ ಕರೆಯುತ್ತಿದ್ದರು. ಎರಡು ದಿನ ಹೋದೆ. ಅವರು ನಕ್ಕದ್ದು ಯಾಕೆಂದು ಅರ್ಥವಾಗಿ ನಾನು ನಗುವಷ್ಟರಲ್ಲಿ ಮಾತು ಎಲ್ಲೋ ಹೋಗಿರುತ್ತಿತ್ತು. ಮೂರನೇ ದಿನ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ಟೆರೇಸಿನಲ್ಲಿ ಟ್ಯಾಂಕಿನ ನೆರಳಿಗೆ ಕೂತು ಪಿಜಿಯವರು ಕಟ್ಟಿಕೊಟ್ಟ ಚಿತ್ರಾನ್ನ ತಿಂದೆ. ಆಮೇಲೆ ಅದೇ ನನ್ನ ಜಾಗವಾಯಿತು. ನಾಗರಬಾವಿಯ ಪಿಜಿಯಲ್ಲಿ ನನ್ನ ರೂಮಿನಲ್ಲಿದ್ದವಳು ಇಯರ್‌ಫೋನ್ ಹಾಕಿಕೊಂಡೇ ಬರುತ್ತಿದ್ದಳು, ಹಾಕಿಕೊಂಡೇ ಮಲಗುತ್ತಿದ್ದಳು. ಕೆಲವು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತೆಂದರೆ ಅಂಗಡಿಯವನ ಹತ್ತಿರ ಕೇಳಿದ ಸೋಪಿನ ಹೆಸರು ಮಾತ್ರ. ಅಮ್ಮ ಫೋನ್ ಮಾಡಿದರೆ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ.

ಕಚೇರಿಯಲ್ಲಿ ನನಗೊಂದು ಬೆಲೆ ಬಂದದ್ದು ಕನ್ನಡದಿಂದ. ಬರುವವರು ಮಾತಾಡುವುದೆಲ್ಲ ಕನ್ನಡ, ಉಳಿದ ಇಂಟರ್ನ್‌ಗಳ ಕನ್ನಡ "ಕುಳಿತುಕೊಳ್ಳಿ" ಎನ್ನುವಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಬೇಕು, ಆಮೇಲೆ ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಬೇಕು. ಓದುವುದಕ್ಕೆ ಮೇಡಂ, ಅಂದರೆ ಕಚೇರಿಯ ಹಿರಿಯ ವಕೀಲರು, ಒಂದು ಕ್ರಮ ಮಾಡಿದ್ದರು. ಒಂದು ಪ್ಯಾರಾ ಓದಿ, ಎದುರಿಗಿದ್ದವರು "ಹೂಂ" ಎನ್ನುವವರೆಗೆ ಕಾಯಬೇಕು. ಹೂಂ ಅಂದ ಮೇಲೆ ಕಚೇರಿಯ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಟಿಕ್ ಹಾಕಬೇಕು. "ಸುಮ್ನೆ ತಲೆ ಅಲ್ಲಾಡಿಸಿದ್ರೆ ಟಿಕ್ ಹಾಕ್ಬೇಡಿ, ಬಾಯಿಬಿಟ್ಟು ಹೇಳ್ಬೇಕು," ಎನ್ನುತ್ತಿದ್ದರು. ನನಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸಿತ್ತು.

ಮೂರನೇ ವಾರ ಆಕೆ ಬಂದರು. ದೀಪಾಂಜಲಿ ನಗರದ ಒಂದು ಗಲ್ಲಿಯಲ್ಲಿ ಒಬ್ಬರೇ ಇದ್ದ, ಐವತ್ತರ ಹತ್ತಿರದ ಹೆಂಗಸು. ಅಪಾರ್ಟ್‌ಮೆಂಟೊಂದರ ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಬದುಕಿದ್ದವರು. ಅದರಲ್ಲಿ ಒಂದು ಮನೆಯಲ್ಲಿ ಚಿನ್ನದ ಸರ ಕಾಣೆಯಾಯಿತು. ಪೊಲೀಸರು ಗಲ್ಲಿಗೇ ಬಂದು ಆಕೆಯನ್ನು ಕರೆದುಕೊಂಡು ಹೋಗಿ, ಅಂಗಾಲಿಗೆ ಲಾಠಿಯಿಂದ ಹೊಡೆದು, ಅದೇ ದಿನ ಬಿಟ್ಟು ಕಳಿಸಿದರು. ಎಲ್ಲೂ ಏನೂ ಬರೆದುಕೊಳ್ಳಲಿಲ್ಲ. ಆಕೆ ಕುಂಟಿಕೊಂಡು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿಯ ಚೀಟಿಯೊಂದೇ ಕೈಯಲ್ಲಿದ್ದ ಸಾಕ್ಷಿ. ಮೂರೂ ಮನೆಯ ಕೆಲಸ ಹೋಗಿತ್ತು.

"ನಾನು ಕಳ್ಳಿ ಅಲ್ಲ, ಇವ್ರು ನನ್ನ ಹೊಡ್ದಿದ್ದು ನಿಜ ಅಂತ ಒಂದು ಕಾಗ್ದ ಆಗ್ಬೇಕು ಕಣವ್ವ. ಗಲ್ಲೀಲಿ ತೋರಿಸ್ಬೇಕು," ಎಂದರು. ಆಕೆ ಕೇಳಿದ್ದು ಅಷ್ಟೇ. ಅಂಥ ಕಾಗದ ಬರಬೇಕಾದರೆ ಇಂಥ ದೂರು ಕೇಳುವ ಆಯೋಗದ ಮುಂದೆ ಹೋಗಬೇಕಿತ್ತು. ನಾನು ಬರೆಯಲು ಕೂತೆ.

"ಎಷ್ಟು ಗಂಟೆಗೆ ಬಂದ್ರು ಅಮ್ಮ, ಪೊಲೀಸ್ನೋರು?"

"ನಲ್ಲೀಲಿ ನೀರು ಬಿಟ್ಟಿದ್ರಲ್ಲ, ಆವಾಗ. ನಾನು, ಪಕ್ಕದ್ಮನೆಯವ್ಳು ಬಿಂದಿಗೆ ಹಿಡ್ಕೊಂಡು ನಿಂತಿದ್ವಿ."

"ವಾಪಸ್ ಬಿಟ್ಟಿದ್ದು?"

"ಹೊತ್ತು ಮುಳುಗೋಕೆ ಮುಂಚೆ."

ಅಫಿಡವಿಟ್ಟಿಗೆ ಗಂಟೆ ಬೇಕು. ನಮ್ಮೂರಿನಲ್ಲಿ ನಲ್ಲಿ ನೀರು ಬರುವುದು ಸಂಜೆ ನಾಲ್ಕಕ್ಕೆ. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಕೊಡ ಸಾಲಿಗಿಟ್ಟು ಬೆಳೆದವಳು ನಾನು. ನೀರು ಬಿಟ್ಟ ಹೊತ್ತು ಎಂದರೆ ಏನೆಂದು ಆ ಐವರಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂಬ ಜಂಬ ಬೇರೆ. ಅವರಾಗಿದ್ದರೆ ತಿಳಿಯದೆ ಇನ್ನೊಂದು ಸಲ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಕರೆದುಕೊಂಡು ಹೋದದ್ದು ಸುಮಾರು ನಾಲ್ಕು ಗಂಟೆಗೆ, ಬಿಟ್ಟದ್ದು ಸುಮಾರು ಆರಕ್ಕೆ ಎಂದು ಬರೆದೆ.

ಸಹಿಯ ದಿನ ನೋಟರಿ ಊಟಕ್ಕೆ ಏಳುವ ಹೊತ್ತಾಗಿತ್ತು. ಎದ್ದರೆ ಮತ್ತೆ ಯಾವಾಗ ಬರುತ್ತಾರೋ ಹೇಳಲಾಗದು. ಹದಿನಾಲ್ಕು ಪ್ಯಾರಾ ಓದಿ, ಹದಿನಾಲ್ಕು ಹೂಂಗೆ ಕಾಯುತ್ತಾ ಕೂತರೆ ಆಗುವ ಕೆಲಸವಲ್ಲ. "ನೀವು ಹೇಳಿದ್ದನ್ನೇ ಬರ್ದಿದೀನಿ ಅಮ್ಮ," ಎಂದೆ. "ಸರಿ ಕಣವ್ವ, ಓದಿರೋರು ನೀವು," ಎಂದು ಹೆಬ್ಬೆಟ್ಟು ಒತ್ತಿದರು. ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥವಾಗಿದೆ ಎಂಬ ಸಾಲಿನ ಕೆಳಗೇ ಒತ್ತಿದರು. ಕಚೇರಿಗೆ ಬಂದು ಹದಿನಾಲ್ಕಕ್ಕೂ ಟಿಕ್ ಹಾಕಿದೆ. ತಿಂಗಳ ಕೊನೆಗೆ ನನ್ನ ಸರ್ಟಿಫಿಕೇಟಿನಲ್ಲಿ ನನ್ನ ಶ್ರದ್ಧೆಯ ಬಗ್ಗೆ ಮೇಡಂ ಒಂದು ಸಾಲು ಹೆಚ್ಚಿಗೆ ಬರೆದರು. ಊರಿನಲ್ಲಿ ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸಿದಳು.

ಮುಂದಿನ ವರ್ಷ ಅದೇ ಕಚೇರಿಗೆ ಮತ್ತೆ ಬಂದೆ. ಬೇರೆ ಕಡೆ ಸಿಗಲಿಲ್ಲ ಎನ್ನುವುದು ನಿಜ, ಇಲ್ಲಿ ನನ್ನ ಹೆಸರು ಗೊತ್ತಿದ್ದವರು ಇದ್ದಾರೆ ಎನ್ನುವುದೂ ನಿಜ. ಮುಗಿದ ಕೇಸುಗಳ ಫೈಲುಗಳನ್ನು ಬೀರುವಿಗೆ ಜೋಡಿಸುವ ಕೆಲಸ ಕೊಟ್ಟರು. ಎರಡನೇ ದಿನ ಆಕೆಯ ಫೈಲು ಕೈಗೆ ಬಂತು.

ದೂರು ವಜಾ ಆಗಿತ್ತು. ಆದೇಶದಲ್ಲಿದ್ದ ಕಾರಣ ಸರಳವಾಗಿತ್ತು. ಆಸ್ಪತ್ರೆಯ ಚೀಟಿಯ ಮೂಲೆಯಲ್ಲಿ, ನಾನು ಗಮನಿಸದೇ ಇದ್ದ ಮಸುಕು ಅಕ್ಷರದಲ್ಲಿ, ಸಂಜೆ ನಾಲ್ಕು ನಲವತ್ತು ಎಂದು ಅಚ್ಚಾಗಿತ್ತು. ನಾಲ್ಕರಿಂದ ಆರರವರೆಗೆ ಠಾಣೆಯಲ್ಲಿ ಏಟು ತಿಂದೆ ಎನ್ನುವ ಹೆಂಗಸು ನಾಲ್ಕು ನಲವತ್ತಕ್ಕೆ ಆಸ್ಪತ್ರೆಯಲ್ಲಿ ಹೇಗಿರುತ್ತಾಳೆ? ವಿಚಾರಣೆಯಲ್ಲಿ ಕೇಳಿದಾಗಲೂ ಆಕೆ ನಾಲ್ಕು ಗಂಟೆ ಎಂದೇ ಹೇಳಿದ್ದರು. ಹಾಗಾಗಿ ಹೇಳಿಕೆಯನ್ನು ನಂಬಲಾಗದು. ಆದೇಶದ ಹಿಂದೆ, ನನ್ನ ನಂತರದ ಬ್ಯಾಚಿನ ಇಂಟರ್ನ್ ಒಬ್ಬರ ಟಿಪ್ಪಣಿ ಇತ್ತು: ವಿಚಾರಣೆಗೆ ಮುಂಚೆ ಅರ್ಜಿದಾರರಿಗೆ ಅಫಿಡವಿಟ್ಟನ್ನು ಎರಡು ಸಲ ಓದಿ ಹೇಳಿ, ಅದರಲ್ಲಿರುವುದನ್ನು ಬಿಟ್ಟು ಬೇರೇನೂ ಹೇಳಬಾರದೆಂದು ತಿಳಿಸಲಾಗಿದೆ. ಅದರ ಹಿಂದೆ ಕಚೇರಿಯ ಪ್ರತಿ. ನನ್ನ ಹದಿನಾಲ್ಕು ಟಿಕ್‌ಗಳು.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ ಎಂದರೆ ಅರ್ಧ ಸತ್ಯ, ಹೆದರಿಕೆಯೂ ಇತ್ತು. ಟ್ಯಾಂಕಿನ ನೆರಳಿನಲ್ಲಿ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಡುತ್ತಿದ್ದೆ. ಅಷ್ಟು ಒಂಟಿ ಅಂತ ನನಗೆ ಹಿಂದೆಂದೂ ಅನ್ನಿಸಿರಲಿಲ್ಲ. ಮೂರನೇ ದಿನ ಫೈಲು ಹಿಡಿದುಕೊಂಡು ಮೇಡಂ ಮುಂದೆ ನಿಂತೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಓದಿ ಹೇಳ್ಲಿಲ್ಲ ಅಂತ ನೀವೇ ಅಫಿಡವಿಟ್ ಹಾಕ್ಬೇಕು. ಕೇಸ್ ಮತ್ತೆ ತೆಗೀತಾರೋ ಇಲ್ವೋ ಹೇಳಕ್ಕಾಗಲ್ಲ," ಎಂದರು. ಫೈಲನ್ನು ನನ್ನ ಕಡೆ ಸರಿಸಿ, "ಮೊದ್ಲು ಅವ್ರ ಹತ್ರ ಹೋಗಿ ಹೇಳಿ. ಒಬ್ರೇ ಹೋಗಿ," ಎಂದರು.

ರಾಜಾಜಿನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ದೀಪಾಂಜಲಿ ನಗರದಲ್ಲಿ ಇಳಿದೆ. ಗಲ್ಲಿಗೆ ಹೋದಾಗ ಹನ್ನೊಂದು ದಾಟಿತ್ತು. ಸಾರ್ವಜನಿಕ ನಲ್ಲಿಯ ಮುಂದೆ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ನೀರು ಯಾವಾಗಲೂ ಇದೇ ಹೊತ್ತಿಗಾ ಎಂದು ಒಬ್ಬರನ್ನು ಕೇಳಿದೆ. "ದಿನ ಬಿಟ್ಟು ದಿನ, ಹನ್ನೊಂದಕ್ಕೆ. ಮೊದ್ಲಿಂದ್ಲೂ," ಎಂದರು.

ಆಕೆ ಸಾಲಿನಲ್ಲಿ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ಒಬ್ಬರೇ ಬಂದು ನೀರು ಹಿಡಿದುಕೊಂಡರು. ನಾನು ಹತ್ತಿರ ಹೋದೆ.

"ಯಾವ ಮಗು ನೀನು? ಎಷ್ಟೋ ಜನ ಬಂದು ಬರ್ಕೊಂಡು ಹೋದ್ರಿ," ಎಂದರು.

ಮೊದಲು ಬರೆದವಳು ನಾನು ಎಂದೆ. ಅವರ ಮನೆಯ ಹೊಸಿಲ ಮೇಲೆ ಕೂತು ಎಲ್ಲ ಹೇಳಿದೆ. ನಮ್ಮೂರಿನ ನೀರಿನ ಹೊತ್ತು, ನೋಟರಿಯ ಊಟ, ಓದದೆ ಹಾಕಿದ ಟಿಕ್‌ಗಳು, ಯಾವುದನ್ನೂ ಬಿಡಲಿಲ್ಲ. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ಹಂಗಾರೆ ನಾನು ನಾಲ್ಕು ಅಂತ ಹೇಳಿರ್ಲಿಲ್ಲ?"

"ಇಲ್ಲಮ್ಮ. ನೀರು ಬಿಟ್ಟಾಗ ಅಂದಿದ್ರಿ."

"ಆಮೇಲೆ ನಿಮ್ಮ ಆಫೀಸ್ನೋರು ಓದಿ ಹೇಳ್ದಾಗ ನನಗೂ ಅನುಮಾನ ಬಂತು. ಆದ್ರೆ ಕಾಗ್ದದಲ್ಲಿ ಬರ್ದೈತೆ, ಹೆಬ್ಬೆಟ್ಟು ನಂದೇ ಐತೆ. ಏಟು ತಿಂದು ನನ್ನ ತಲೇನೇ ಕೆಟ್ಟಿರ್ಬೇಕು ಅನ್ಕೊಂಡೆ." ಪಕ್ಕದ ಬಾಗಿಲಿನ ಕಡೆ ನೋಡಿದರು. "ವಿಚಾರಣೆ ದಿನ ಅವ್ಳೂ ಜೊತೆಗೆ ಬಂದಿದ್ಲು. ಹೊರಗೆ ಬಂದ್ಮೇಲೆ ಕೇಳಿದ್ಲು, ನನ್ನ ಕಣ್ಮುಂದೆ ನೀರು ಹಿಡಿಯೋವಾಗ ಕರ್ಕೊಂಡು ಹೋದ್ರು, ನಾಲ್ಕು ಗಂಟೆ ಅಂತ ಯಾಕೆ ಸುಳ್ಳು ಹೇಳ್ದೆ ಅಂತ. ಇದನ್ನ ಸುಳ್ಳು ಹೇಳೋಳು ಸರದ ವಿಷ್ಯಾನೂ ಸುಳ್ಳು ಹೇಳಿರ್ತಾಳೆ ಅಂದ್ಲು. ಆವತ್ತಿಂದ ಮಾತಿಲ್ಲ."

ಇಡೀ ಗಲ್ಲಿಯಲ್ಲಿ ಆಕೆಯನ್ನು ನಂಬಿದ್ದವಳು ಅವಳೊಬ್ಬಳೇ. ಅವಳನ್ನೂ ನಾನು ಕಿತ್ತುಕೊಂಡಿದ್ದೆ. ನಾನು ಅಫಿಡವಿಟ್ ಹಾಕುತ್ತೇನೆ, ಕೇಸನ್ನು ಮತ್ತೆ ತೆಗೆಯಿರಿ ಎಂದು ಕೇಳುತ್ತೇವೆ ಎಂದು ಗಡಿಬಿಡಿಯಲ್ಲಿ ಹೇಳಿದೆ. ಆಕೆ ಎದ್ದು ನಿಂತರು.

"ಆ ಕಾಗ್ದ ಬರೋವಾಗ ಬರ್ಲಿ. ಮೊದ್ಲು ಅಲ್ಲಿ ಹೇಳು, ಬಾ."

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು, ಆಕೆಯನ್ನು ನೋಡಿ ಮುಖ ಬಿಗಿ ಮಾಡಿಕೊಂಡರು. ನಾನು ಯಾರೆಂದು ಕೇಳಿದರು.

"ನಾಲ್ಕು ಗಂಟೆ ಅಂತ ಬರ್ದಿದ್ದು ನಾನು ಅಕ್ಕ. ಇವ್ರು ಹೇಳಿದ್ದು ನೀರು ಬಿಟ್ಟಾಗ ಅಂತ್ಲೇ. ನಾನು ಕೇಳ್ದೇನೇ ಬರ್ದೆ, ಓದಿ ಹೇಳ್ದೇನೇ ಹೆಬ್ಬೆಟ್ಟು ಒತ್ತಿಸ್ದೆ. ಇವ್ರು ಸುಳ್ಳು ಹೇಳ್ಲಿಲ್ಲ."

ಪಕ್ಕದ ಮನೆಯಾಕೆ ನನ್ನ ಕಡೆ ನೋಡಲಿಲ್ಲ. ಆಕೆಯನ್ನೇ ನೋಡುತ್ತಾ ಕೇಳಿದರು:

"ಊಟ ಆಯ್ತಾ?"

ಆಕೆ ಇಲ್ಲ ಎಂಬಂತೆ ತಲೆಯಾಡಿಸಿದರು. ಪಕ್ಕದ ಮನೆಯಾಕೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ತಟ್ಟೆ ಇಡುವ ಸದ್ದು, ಯಾರೋ ಅಳುವ ಸದ್ದು ಒಟ್ಟಿಗೇ ಕೇಳಿಸಿತು. ನಾನು ಗಲ್ಲಿಯಲ್ಲಿ ನಿಂತೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬೇಕಾದ ಋಣವೂ ಅವರಿಗಿರಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.