ಬಾರ್ಬಡೋಸ್ ಬಸ್ಸಿನ ಕಿಟಕಿ ಸೀಟು

ಆ ಕಾಲಕ್ಕೆ ಸದರ್ನ್ ರಿವರ್ ಬಡಾವಣೆಯ ನಮ್ಮ ಮನೆಯಲ್ಲಿ ಅಪ್ಪ ಬಂದರೇ ಹಬ್ಬ. ಗಣಿಯಲ್ಲಿ ಭೂವಿಜ್ಞಾನಿ ಅವರು. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಬಂದ ಮರುದಿನ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ನಾವಿಬ್ಬರೂ ಕ್ಯಾನಿಂಗ್ಟನ್ ಬಸ್ ನಿಲ್ದಾಣಕ್ಕೆ ಹೋಗಿ, ಮೊದಲು ಬಂದ ಬಸ್ ಹತ್ತುತ್ತಿದ್ದೆವು. ಅದು ಎಲ್ಲಿಗೆ ಹೋದರೂ ಸರಿ, ಕೊನೆಯ ಸ್ಟಾಪಿನವರೆಗೆ ಇಳಿಯುವಂತಿಲ್ಲ.

ಅದೆಲ್ಲ ಬಾರ್ಬಡೋಸ್‌ಗೆ ತಾಲೀಮು. ಕ್ರಿಕೆಟ್ ಕಾಮೆಂಟರಿ ಕೇಳಿ ಕೇಳಿ ಅಪ್ಪನಿಗೆ ಆ ಕೆರಿಬಿಯನ್ ದ್ವೀಪದ ಹುಚ್ಚು. ನನಗೆ ಹತ್ತು ತುಂಬಿದ ಮೇಲೆ ನಾವಿಬ್ಬರೇ ಹೋಗಿ, ಕಾರು ಗೀರು ಮುಟ್ಟದೆ, ಅಲ್ಲಿನ ನೀಲಿ ಬಸ್ಸುಗಳಲ್ಲೇ ದ್ವೀಪವೆಲ್ಲ ಸುತ್ತುವುದೆಂದು ಮಾತಾಗಿತ್ತು. ಅಲ್ಲಿನ ಊರುಗಳ ಹೆಸರೆಲ್ಲ ನನಗೆ ಬಾಯಿಪಾಠ.

"ಸಮುದ್ರದ ಕಡೆ ಕಿಟಕಿ ಸೀಟು ನಿಂದೇ, ಪುಟ್ಟಿ."

"ಪ್ರಾಮಿಸ್?"

"ನಿನ್ನಾಣೆ."

ನನಗೆ ಒಂಬತ್ತಾಗಿದ್ದಾಗ, ಏಪ್ರಿಲ್ ರಜೆಯಲ್ಲಿ, ಅಪ್ಪ ಎಂದಿನಂತೆ ಗಣಿಗೆ ಹೊರಟರು. ಸೈಕಲ್ ತೆಗೆಯಲು ಗ್ಯಾರೇಜಿಗೆ ಹೋದರೆ, ಕೆಂಪು ಧೂಳು ಮೆತ್ತಿದ ಅವರ ಗಣಿ ಬೂಟು ಅಲ್ಲೇ ಇತ್ತು. ಅದಿಲ್ಲದೆ ಒಳಗೇ ಬಿಡುವುದಿಲ್ಲ ಎಂದು ಅವರೇ ಹೇಳಿದ್ದರು.

"ಅಮ್ಮಾ, ಅಪ್ಪ ಬೂಟ್ಸ್ ಮರ್ತ್ಬಿಟ್ಟಿದ್ದಾರೆ! ಫೋನ್ ಮಾಡು!"

ಅಮ್ಮ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ಅಲ್ಲೇ ಹೊಸದು ಕೊಡ್ತಾರಂತೆ ಬಿಡೇ."

ನಂಬಿದೆ. ನಂಬಿದ್ದಲ್ಲದೆ, ಒದ್ದೆ ಬಟ್ಟೆ ತಂದು ಬೂಟನ್ನು ಒರೆಸಿಯೂ ಇಟ್ಟೆ.

ಅಪ್ಪ ವಾಪಸ್ ಬಂದಾಗ ಮೂಗಿನ ಚರ್ಮ ಸುಲಿದಿತ್ತು. ಗಣಿಯ ಬಿಸಿಲು ಎಂದರು. ಆ ಭಾನುವಾರ ನಮ್ಮ ಹಿತ್ತಿಲಲ್ಲಿ ಬಾರ್ಬೆಕ್ಯೂ. ಸುಟ್ಟ ಜೋಳದ ಘಮ. ಅಪ್ಪನ ಗೆಳೆಯರೊಬ್ಬರು, ಪಾಪ, ಏನೂ ತಿಳಿಯದೆ ನನ್ನ ಮುಂದೆ ಫೋನ್ ಹಿಡಿದರು.

"ನೋಡು ಪುಟ್ಟಿ, ಬಾರ್ಬಡೋಸ್! ಮ್ಯಾಚ್ ಮುಗಿಸ್ಕೊಂಡು ಬಸ್ಸಲ್ಲೇ ಐಲ್ಯಾಂಡ್ ಪೂರ್ತಿ ಸುತ್ತಿದ್ವಿ. ನಿಮ್ಮಪ್ಪ ಕಿಟಕಿ ಸೀಟ್ ಬಿಟ್ಟೇ ಕೊಡ್ಲಿಲ್ಲ!"

ಫೋಟೋದಲ್ಲಿ ಅಪ್ಪನ ಕೂದಲು ಗಾಳಿಗೆ ಹಾರುತ್ತಿತ್ತು. ಹಿಂದೆ ಸಮುದ್ರ.

ಅಪ್ಪ ಕೈಯಲ್ಲಿ ಇಕ್ಕಳ ಹಿಡಿದೇ ಓಡಿಬಂದರು. "ಫ್ರೆಂಡ್ಸೆಲ್ಲ ಹೊರಟ್ರು, ಪುಟ್ಟಿ... ನೀನು ಅಳ್ತೀಯ ಅಂತ ಹೇಳ್ಲಿಲ್ಲ. ನಾವಿಬ್ರೂ ಇನ್ನೊಂದ್ಸಲ ಹೋಗೋಣ."

"ಯು ಲೈಡ್, ಅಪ್ಪ." ಅಮ್ಮನ ಕಡೆ ತಿರುಗಿದೆ. ಅವಳು ತಟ್ಟೆ ಜೋಡಿಸುತ್ತಿದ್ದಳು. ಅವಳಿಗೂ ಗೊತ್ತಿತ್ತು.

ಹತ್ತು ತುಂಬಿದಾಗ ಅಪ್ಪ ನಿಜವಾಗಿಯೂ ಎರಡು ಟಿಕೆಟ್ ತಂದರು. ನಾನು ಒಲ್ಲೆ ಎಂದೆ. ಕ್ಯಾನಿಂಗ್ಟನ್ ಬಸ್ಸುಗಳೂ ಅಲ್ಲಿಗೇ ನಿಂತವು.

ಈಗ ನಾನೇ ದುಡಿಯುತ್ತೇನೆ, ಬಾರ್ಬಡೋಸ್‌ಗೆ ಯಾವಾಗ ಬೇಕಾದರೂ ಹೋಗಬಹುದು. ಅಪ್ಪನ ಮೇಲೆ ಸಿಟ್ಟಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಅವರು ಇನ್ನೂ ಗಣಿಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು ನಗುತ್ತಾ ಕೈಬೀಸುತ್ತೇನೆ. ಕಾರು ತಿರುವು ದಾಟಿದ ಮೇಲೆ ಗ್ಯಾರೇಜಿಗೆ ಹೋಗಿ, ಬೂಟು ಅಲ್ಲೇ ಇದೆಯೇ ಎಂದು ನೋಡುತ್ತೇನೆ.